ಅರ್ಧ ಗಂಟೆಯ ದಕ್ಷಿಣೆ

ಎರಡು ನಗರಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರವನ್ನೂ ವಿಮಾನದ ಅವಧಿಯನ್ನೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೇಳಿಬಿಡುವ, ಲೆಕ್ಕದ ಜಾಲತಾಣಗಳೆಂಬ ಜ್ಯೋತಿಷಿಗಳು ಅಂತರಜಾಲದ ತುಂಬ ಕುಳಿತಿದ್ದಾರೆ. ಲಂಡನ್–ನ್ಯೂಯಾರ್ಕ್ ಎನ್ನಿ: 5,570 ಕಿ.ಮೀ., 7 ಗಂಟೆ 28 ನಿಮಿಷ. ಏಳೂವರೆ ಗಂಟೆ ಎಂದರೆ ಅವರ ಘನತೆಗೆ ಕುಂದು. ಆ 28ರ ಹಿಂದೆ ಇರುವ ತಪಸ್ಸು ಇಷ್ಟೇ: ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ನುಣ್ಣನೆಯ ಗೋಳವೆಂದುಕೊಂಡು ಅದರ ಮೈಮೇಲೆ ಅತಿ ಹತ್ತಿರದ ದಾರಿಯನ್ನು ಅಳೆಯುವುದು, ಗಂಟೆಗೆ 800 ಕಿ.ಮೀ. ಎಂದು ಭಾಗಿಸುವುದು, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆಯ ದಕ್ಷಿಣೆ ಕೂಡಿಸುವುದು.

ಈ ಲೆಕ್ಕದಲ್ಲಿ ಗಾಳಿ ಬೀಸುವುದಿಲ್ಲ. ಹೋಗುವಾಗಲೂ ಬರುವಾಗಲೂ ಅದೇ 28 ನಿಮಿಷ. ಅಟ್ಲಾಂಟಿಕ್ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯಾದ ಜೆಟ್ ಸ್ಟ್ರೀಮ್‌ಗೆ ಈ ಸೂತ್ರವನ್ನು ಯಾರೂ ತಿಳಿಸಿರಲಿಲ್ಲವಾದ್ದರಿಂದ, 2020ರ ಫೆಬ್ರುವರಿಯಲ್ಲಿ ಅದು ನ್ಯೂಯಾರ್ಕ್‌ನಿಂದ ಹೊರಟ ವಿಮಾನವೊಂದನ್ನು ಐದು ಗಂಟೆಯೊಳಗೇ ಲಂಡನ್‌ಗೆ ತಳ್ಳಿಕೊಂಡು ಬಂದಿತು. ಇಲ್ಲಿ ರಾಜಕೀಯವೂ ಇಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋಗೆ ಹೊರಟವರು ಸುತ್ತು ಬಳಸಿ ಸುಮಾರು 13 ಗಂಟೆ ಕುಳಿತರು. ಸೂತ್ರ ಮಾತ್ರ ಯುದ್ಧ, ನಿರ್ಬಂಧ ಯಾವುದರ ಹಂಗೂ ಇಲ್ಲದೆ ಸೈಬೀರಿಯದ ಮೇಲೆ ನೆಟ್ಟಗೆ ಹಾರಿ ಹತ್ತು ಗಂಟೆ ಚಿಲ್ಲರೆಗೆ ತಲುಪುತ್ತದೆ.

ನನಗೆ ಬಹು ಪ್ರಿಯವಾದ ದಾರಿ ಸ್ಕಾಟ್ಲೆಂಡ್‌ನ ಆರ್ಕ್ನಿಯಲ್ಲಿದೆ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. (ಇವು ನಗರಗಳಲ್ಲ, ಪುಟ್ಟ ದ್ವೀಪಗಳು, ಸೂತ್ರಕ್ಕೆ ಅಂಥ ಭೇದಭಾವವಿಲ್ಲ.) ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಒಲಿದಾಗ 53 ಸೆಕೆಂಡಿನಲ್ಲೇ ಮುಗಿದದ್ದೂ ಉಂಟು. ಸೂತ್ರಕ್ಕೆ ಹಾಕಿ ನೋಡಿ: 30 ನಿಮಿಷ 12 ಸೆಕೆಂಡ್. ನಿಜವಾದ ವಿಮಾನ ಇಳಿದು, ಮರಳಿ ಹೋಗಿ, ಇನ್ನೊಮ್ಮೆ ಬಂದರೂ ಸೂತ್ರದ ವಿಮಾನ ಇನ್ನೂ ಏರುತ್ತಲೇ ಇರುತ್ತದೆ.

ಹಾಗೆಂದು ವಿಮಾನ ಕಂಪನಿಗಳ ವೇಳಾಪಟ್ಟಿ ಸತ್ಯಹರಿಶ್ಚಂದ್ರನ ತುಂಡೇನಲ್ಲ. ತಡವಾಗುವುದು ಮೊದಲೇ ಗೊತ್ತಿರುವುದರಿಂದ ಆ ತಡವನ್ನೂ ಅವಧಿಯೊಳಗೇ ಹೊಲಿದಿಟ್ಟಿರುತ್ತಾರೆ. ಆಮೇಲೆ ‘ನಿಗದಿತ ಸಮಯಕ್ಕಿಂತ ಮೊದಲೇ ಬಂದಿದ್ದೇವೆ’ ಎಂಬ ಹೆಮ್ಮೆಯ ಘೋಷಣೆ. ಅಮೆರಿಕದ ಸಾರಿಗೆ ಇಲಾಖೆಯ ಅಂಕಿಅಂಶದಲ್ಲಂತೂ 15 ನಿಮಿಷದೊಳಗಿನ ತಡ ತಡವೇ ಅಲ್ಲ.

ವಿಮಾನ ಯಾವ ಗಳಿಗೆಯಲ್ಲಿ ತಲುಪಿತು ಎಂದು ತಿಳಿಯಲು ಯುರೋಪಿನಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಯಿತು. ಮೂರು ಗಂಟೆ ತಡವಾದರೆ ಅಲ್ಲಿ ಪ್ರಯಾಣಿಕರಿಗೆ ಪರಿಹಾರ ಉಂಟು. ಸಾಲ್ಜ್‌ಬರ್ಗ್‌ನಿಂದ ಕಲೋನ್-ಬಾನ್‌ಗೆ ಬಂದ ವಿಮಾನದ ಚಕ್ರ ನೆಲ ಮುಟ್ಟಿದಾಗ ತಡ 2 ಗಂಟೆ 58 ನಿಮಿಷ. ನಿಲುಗಡೆಯ ಜಾಗಕ್ಕೆ ಬರುವಾಗ 3 ಗಂಟೆ 3 ನಿಮಿಷ. ಕಂಪನಿ ಚಕ್ರವನ್ನು ಹಿಡಿದುಕೊಂಡಿತು, ಪ್ರಯಾಣಿಕ ಬಾಗಿಲನ್ನು. 2014ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು: ಕನಿಷ್ಠ ಒಂದು ಬಾಗಿಲಾದರೂ ತೆರೆದಾಗಲೇ ವಿಮಾನ ತಲುಪಿದ್ದು. ಬೆಲ್ಟ್ ಬಿಚ್ಚಿ, ತಲೆಯ ಮೇಲಿನ ಸಾಮಾನುಪೆಟ್ಟಿಗೆಗೆ ಕತ್ತು ಬಗ್ಗಿಸಿ, ಮುಂದಿನವರ ಬೆನ್ನುಚೀಲಕ್ಕೆ ಮೂಗು ತಾಗಿಸಿಕೊಂಡು ನಿಂತ ಹೊತ್ತೂ ಪ್ರಯಾಣವೇ ಎಂದು ಇಷ್ಟು ದೊಡ್ಡ ನ್ಯಾಯಾಲಯ ಒಪ್ಪಿದ್ದು ಸಣ್ಣ ಮಾತಲ್ಲ.

ಬಾಗಿಲಿನಿಂದಾಚೆ ನಗರ ಸೇರುವ ಹೊತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫ್ರಾಂಕ್‌ಫರ್ಟ್-ಹಾನ್ ಎಂಬ ವಿಮಾನ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ನೆಟ್ಟಗೆ ಅಳೆದರೂ ಸುಮಾರು 100 ಕಿ.ಮೀ. ದೂರದಲ್ಲಿದೆ. ಸೂತ್ರವನ್ನು ಕೇಳಿದರೆ ಅದಕ್ಕೂ ಉತ್ತರ ಸಿದ್ಧ: ವಿಮಾನದಲ್ಲಿ 38 ನಿಮಿಷ.