ಕಾಲಿನ ಫೋಟೋ ಯಾಕ ತಮ್ಮಾ?

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಭವಿಷ್ಯ ನುಡಿಯುವ ಕಾರಣಿಕಕ್ಕೆ ಹೋಗುವಾಗ ಕ್ಯಾಮೆರಾಗೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತೇನೆ. ಮಳೆಗೆ ಹೆದರಿ ಅಲ್ಲ, ಭಂಡಾರದ ಅರಿಶಿನ ಪುಡಿಗೆ. ಭಾರತ ಹುಣ್ಣಿಮೆ ಹೊತ್ತಿಗೆ ಹೂವಿನಹಡಗಲಿ ಕಡೆಯ ಈ ಊರಲ್ಲಿ ಗಾಳಿಯೂ ಹಳದಿ.

2023ರ ಜಾತ್ರೆಯಲ್ಲಿ ಒಬ್ಬ ಅಜ್ಜ ಚಕ್ಕಡಿ ನೆರಳಲ್ಲಿ ಕಾಲು ಚಾಚಿ ಕೂತಿದ್ದರು. ಹಿಮ್ಮಡಿ ಪೂರಾ ಒಡೆದಿತ್ತು, ಬೇಸಿಗೆಯ ಎರೆ ಹೊಲದ ಹಾಗೆ. ನಾನು ಕುಕ್ಕರುಗಾಲಲ್ಲಿ ಕೂತು ಅದನ್ನೇ ತೆಗೆಯತೊಡಗಿದೆ. ಅಜ್ಜ ಕಾಲು ಮಡಚಿಕೊಂಡರು.

"ಕಾಲಿನ ಫೋಟೋ ಯಾಕ ತಮ್ಮಾ? ತಡಿ, ಎತ್ತು ಹಿಡ್ಕೊಂಡು ನಿಂದರ್ತೀನಿ."

ಎದ್ದು ರುಮಾಲು ಬಿಚ್ಚಿ, ಕೊಡವಿ, ಮತ್ತೆ ಸುತ್ತಿದರು. ಕೊಂಬಿನ ಗೊಂಡೆ ಸರಿಮಾಡಿದರು. ಎರಡೂ ಎತ್ತಿನ ಹಣೆಗೆ ಭಂಡಾರ ಹಚ್ಚಿ, ಉಳಿದದ್ದನ್ನು ತಮ್ಮ ಹಣೆಗೆ ಒರೆಸಿಕೊಂಡರು. "ಹ್ಞಾಂ, ಈಗ ಹೊಡಿ."

ಆ ವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಬರದ ಫೋಟೋ ಕೇಳಿದ ಒಬ್ಬರಿಗೆ ಇದನ್ನು ಕಳಿಸಿದೆ. "ಇದರಲ್ಲಿ ಬರ ಎಲ್ಲಿದೆ? ಕಾಲಿನದು ಇಲ್ವಾ?" ಅಂದರು. ಇತ್ತು. ಕೊಡಲಿಲ್ಲ.

ನಮ್ಮ ಭಾಗ ಅಂದ್ರೆ ಬಿರುಕು ನೆಲ, ಖಾಲಿ ಕೊಡ ಅಷ್ಟೇನಾ? ಭಕ್ತಿ ಅಂದ್ರೆ ದೋಣಿ ಸೇವೆಯಲ್ಲಿ ಮೈಲಾರಲಿಂಗನ ಸೇವಕ ಗೊರವಪ್ಪ ದೋಣಿ ಅನ್ನುವ ಪಾತ್ರೆಗೆ ಬಾಗಿ ಬಾಯಿ ಹಾಕಿ ಉಣ್ಣುವ ಒಂದೇ ಚಿತ್ರ, ಕೆಳಗೆ 'ಮೂಢನಂಬಿಕೆ' ಅಂತ ಎರಡು ಸಾಲು. ಹರಕೆ ಹೊತ್ತು ದೋಣಿಗೆ ಹಾಲು, ಬಾಳೆಹಣ್ಣು ತುಂಬಿದ ಮನೆಮಂದಿ ಅಲ್ಲೇ ಕೈಮುಗಿದು ನಿಂತಿರುತ್ತಾರೆ. ಅವರು ಫೋಟೋದಲ್ಲಿ ಇರುವುದೇ ಇಲ್ಲ. ಆ ಆಚರಣೆಯನ್ನು ಯಾರಾದರೂ ಪ್ರಶ್ನಿಸಲಿ, ನನಗೂ ಪ್ರಶ್ನೆಗಳಿವೆ. ಆದರೆ ಆ ಮನೆಯವರ ಮುಖ ನೋಡಿ ಕೇಳಬೇಕು ಅಲ್ವಾ?

ಇದೇನು ಹೊಸದಲ್ಲ. 1876–78ರ ಧಾತು ಬರದಲ್ಲಿ ಮೈಲಾರವಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಹಸಿದ ಜನರನ್ನು ಸೇನಾಧಿಕಾರಿ ವಿಲೋಬಿ ವ್ಯಾಲೇಸ್ ಹೂಪರ್ ಗುಂಪುಗುಂಪಾಗಿ ಕೂರಿಸಿ ಫೋಟೋ ತೆಗೆದ. ತೆಗೆದವನ ಹೆಸರು ಉಳಿದಿದೆ. ಆ ಎಲುಬಿನ ಹಂದರಗಳಲ್ಲಿ ಒಬ್ಬರ ಹೆಸರೂ ನನಗೆ ಎಲ್ಲೂ ಸಿಕ್ಕಿಲ್ಲ. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಅಜ್ಜ ಕಾಲು ಮಡಚಿಕೊಂಡದ್ದು ನೆನಪಾಗುತ್ತದೆ. ಇವರಿಗೆ ಕಾಲು ಮಡಚಿಕೊಳ್ಳುವ ಶಕ್ತಿಯೂ ಇರಲಿಲ್ಲ.

ಕಾರಣಿಕ ನಡೆಯುವ ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಲಕ್ಷಾಂತರ ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಎಲ್ಲ ಕ್ಯಾಮೆರಾಗಳೂ ಬಿಲ್ಲಿನ ತುದಿಗೆ. ನಾನೀಗ ಬಿಲ್ಲಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ತಾಯಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಿರುತ್ತಾಳೆ. ಕಿವಿ ಮಂದವಾದವರು ಪಕ್ಕದವರ ತುಟಿ ನೋಡುತ್ತಿರುತ್ತಾರೆ. ನುಡಿ ಮುಗಿದದ್ದೇ ಮಾತು ಶುರು: ಮುಂಗಾರು ಹಿಡೀತದಾ, ಜೋಳ ಹಾಕೋಣಾ, ಮೆಕ್ಕೆಜೋಳನಾ?

2024ರಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅಜ್ಜನನ್ನು ಹುಡುಕಿದೆ. ಈ ಸಲ ಚಕ್ಕಡಿ ಇರಲಿಲ್ಲ, ಬಸ್ಸಿಗೆ ಬಂದಿದ್ದರು. ಫೋಟೋ ಕೈಗೆ ತೆಗೆದುಕೊಂಡು ತಮ್ಮ ಮುಖ ನೋಡಲೇ ಇಲ್ಲ. ಎಡಗಡೆಯ ಎತ್ತಿನ ಮೇಲೆ ಬೆರಳಾಡಿಸಿದರು.

"ಇದನ್ನ ದೀಪಾವಳಿಗೆ ಮೊದಲೇ ಮಾರಿದೆ ತಮ್ಮಾ. ಮೇವು ಇರ್ಲಿಲ್ಲ."