ಸಹಿ ಹಾಕಿದವರದೇನೂ ತಪ್ಪಿಲ್ಲ

ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲೇ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಈ ಕೆಲಸ ಮಾಡಿಕೊಂಡು ಬಂದಿದೆ. ಅಂಥ ಊರಿನಲ್ಲಿ ಕೂತು, ಆಟಗಾರರ ಚಿತ್ರವಿರುವ ಫುಟ್‌ಬಾಲ್ ಕಾರ್ಡಿನ ಮೇಲೆ ಹಾಕಿಸಿಕೊಂಡ ಸಹಿ ಹೆಬ್ಬೆರಳು ತಾಗಿದ ಕೂಡಲೇ ಆಟಗಾರನ ಮೊಣಕಾಲಿನಿಂದ ಮೂಗಿನವರೆಗೆ ಹರಡಿಕೊಳ್ಳುವುದನ್ನು ನೋಡುವುದೇ ನಿವೃತ್ತ ಆಟಗಾರರ ಸಹಿ ಕೂಡಿಡುವ ಈ ಹವ್ಯಾಸದ ಮೊದಲ ಅವಮಾನ. ಚುನಾವಣೆಯ ಶಾಯಿಯನ್ನೇ ಬಳಸೋಣವೆಂದರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕರೂ ಅದರೊಳಗಿನ ಸಿಲ್ವರ್ ನೈಟ್ರೇಟ್‌ಗೆ ಬೇಕಾದದ್ದು ಚರ್ಮ, ಕಾರ್ಡಲ್ಲ.

ಇದರಲ್ಲಿ ಆಟಗಾರರ ತಪ್ಪೇನೂ ಇಲ್ಲ. ಬೂಟು ಕಳಚಿಟ್ಟು ವರ್ಷಗಳಾದವರು ಕಾರ್ಡು ಕಂಡರೆ ಖುಷಿಯಿಂದಲೇ ಸಹಿ ಹಾಕುತ್ತಾರೆ. ಕೈಕೊಡುವುದು ಕಾರ್ಡಿನ ಹೊಳಪು, ಪೆನ್ನಿನ ಮೂತಿ, ಲಕೋಟೆಯ ಗೋಂದು.

ಹೊಳಪಿನಿಂದಲೇ ಶುರು ಮಾಡೋಣ. ಕಾರ್ಡಿನ ಮೇಲಿನ ಲೇಪನ ಶಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಶಾಯಿ ಮೇಲೆಯೇ ಹನಿಗಟ್ಟಿ ನಿಂತು, ಒಣಗುವ ಮೊದಲೇ ಯಾರದೋ ಅಂಗೈಗೆ ಅಂಟಿಕೊಂಡು ಹೋಗುತ್ತದೆ. ಮದ್ದು ಸುಲಭ. ಸಹಿ ಬೀಳಬೇಕಾದ ಜಾಗವನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಇಲ್ಲವೇ ಹತ್ತಿಯಲ್ಲಿ ಚಿಟಿಕೆ ಬೇಬಿ ಪೌಡರ್ ಹಚ್ಚಿ ತೀಡಿ, ಒಣಬಟ್ಟೆಯಲ್ಲಿ ಒರೆಸಿ. ಹೊಳಪು ಕೊಂಚ ಮಂಕಾದರೆ ಸಾಕು. ಶಾಲೆಯ ಪೆಟ್ಟಿಗೆಯಲ್ಲಿರುವ ಒರಟು ಇಂಕ್ ರಬ್ಬರ್ ಬೇಡ. ಅದು ಹೊಳಪಿನ ಜೊತೆ ಆಟಗಾರನನ್ನೂ ತೆಗೆಯುತ್ತದೆ.

ಪೆನ್ನು ಸಣ್ಣ ಮೂತಿಯ ಪರ್ಮನೆಂಟ್ ಮಾರ್ಕರ್ ಆಗಿರಲಿ, ಬಣ್ಣ ನೀಲಿ. ಕಪ್ಪು ಶಾಯಿಯ ಸಹಿಯನ್ನು ನೋಡಿದವರೆಲ್ಲ 'ಇದು ಪ್ರಿಂಟಲ್ವಾ?' ಎನ್ನುತ್ತಾರೆ, ಅವರಿಗೆ ಜೀವನಪೂರ್ತಿ ಉತ್ತರ ಕೊಡುತ್ತಿರಬೇಕು. ಬಾಲ್‌ಪೆನ್ನು ಹೊಳಪಿನ ಮೇಲೆ ಜಾರಿ ಅರ್ಧ ಹೆಸರು ಬರೆಯುತ್ತದೆ, ಉಳಿದರ್ಧವನ್ನು ಬರೀ ಗೀರಿನಲ್ಲಿ ಮುಗಿಸುತ್ತದೆ. ಕನ್ನಡಿಯಂತೆ ಮಿನುಗುವ ಕ್ರೋಮ್ ಕಾರ್ಡಿಗೆ ಪೇಂಟ್ ಪೆನ್ನೇ ಬೇಕು. ಅದನ್ನು ಕುಲುಕಿ, ರದ್ದಿ ಕಾಗದದ ಮೇಲೆ ಮೂತಿ ಒತ್ತಿ, ಬಣ್ಣ ಇಳಿದ ಮೇಲೆಯೇ ಕೈಗೆ ಕೊಡಬೇಕು. ಮೊದಲ ಒತ್ತು ಕಾರ್ಡಿನ ಮೇಲೇ ಆದರೆ ಸ್ಟ್ರೈಕರ್‌ನ ಹಣೆಗೆ ದೃಷ್ಟಿಬೊಟ್ಟು ಖಾಯಂ. ಸಹಿಯಾದ ಮೇಲೆ ಬಾಯಿಂದ ಊದಬೇಡಿ, ಗಾಳಿಯ ಜೊತೆ ಇನ್ನೊಂದೂ ಬರುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಕವರಿಗೆ ಹಾಕಿ.

ಇಷ್ಟೆಲ್ಲ ಸಿದ್ಧತೆ ಒಂದು ಸನ್ಮಾನ ಸಮಾರಂಭದಲ್ಲಿ ಮಣ್ಣುಪಾಲಾಗಬಹುದು. ಮೈಸೂರು, ಮಂಡ್ಯದ ಕಡೆ ಟೂರ್ನಿಯ ಉದ್ಘಾಟನೆಗೆ ಹಳೆಯ ಆಟಗಾರರು ಬಂದರೆ ಏನೇನಾಗುತ್ತದೆಂದು ಎಲ್ಲರಿಗೂ ಗೊತ್ತು: ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಏಲಕ್ಕಿ ಹಾರ, ಒಂದು ಕೈಗೆ ಹಣ್ಣಿನ ಬುಟ್ಟಿ, ಇನ್ನೊಂದಕ್ಕೆ ನೆನಪಿನ ಕಾಣಿಕೆ. ಪೆನ್ನು ಹಿಡಿಯಲು ಮೂರನೇ ಕೈ ಇಲ್ಲ. ಬುಟ್ಟಿ ಕೆಳಗಿಟ್ಟರೂ ಬೆರಳಲ್ಲಿ ದೀಪ ಬೆಳಗಿದ ಎಣ್ಣೆ, ಗಂಧ, ಕುಂಕುಮ; ಕಾರ್ಡು ಸಹಿಗಿಂತ ಮೊದಲು ಪೂಜೆ ಮಾಡಿಸಿಕೊಳ್ಳುತ್ತದೆ. ಆದ್ದರಿಂದ ಸಮಯ ನೋಡಿಕೊಳ್ಳಬೇಕು. ಅತಿಥಿ ಬಂದು ಕುರ್ಚಿಯಲ್ಲಿ ಕೂತಿದ್ದಾರೆ, ಶಾಸಕರು ಇನ್ನೂ ಬಂದಿಲ್ಲ: ಇದೇ ಮುಹೂರ್ತ, ಧಾರಾಳವಾಗಿ ಸಿಗುತ್ತದೆ. ಗಟ್ಟಿ ಪ್ಯಾಡಿನ ಮೇಲೆ ಕಾರ್ಡಿಟ್ಟು, ಮುಚ್ಚಳ ತೆಗೆದ ಮಾರ್ಕರ್ ಕೊಟ್ಟು, ಸಹಿ ಎಲ್ಲಿ ಬೇಕೆಂದು ಬೆರಳು ತೋರಿಸಿ. ತೋರಿಸದಿದ್ದರೆ ಅದು ಕಪ್ಪು ಜೆರ್ಸಿಯ ಮೇಲೇ ಬೀಳುತ್ತದೆ. ಎರಡು ಕಾರ್ಡು ಕೊಡಿ. ಒಂಬತ್ತು ಕೊಟ್ಟರೆ ಅವರಿಗೆ ವ್ಯಾಪಾರದ ವಾಸನೆ ಬರುತ್ತದೆ, ಮೂಗು ಅವರಿಗೂ ಇದೆ.

ಹಳೆಯ ಭಾರತೀಯ ಆಟಗಾರರಲ್ಲಿ ಹೆಚ್ಚಿನವರ ಕಾರ್ಡೇ ಯಾರೂ ಅಚ್ಚು ಹಾಕಿಲ್ಲ, ನಾವೇ ಮಾಡಿಸಬೇಕು. ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ, ಕಾಗದ 300 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ), ಹೊಳಪಿಲ್ಲದ ಮ್ಯಾಟ್, ಲ್ಯಾಮಿನೇಷನ್ ಇಲ್ಲ. 12 ಇಂಚು 18 ಇಂಚಿನ ಹಾಳೆಯಲ್ಲಿ ಕತ್ತರಿಸುವ ಅಂಚು ಬಿಟ್ಟು 18 ಕಾರ್ಡು ಕೂರುತ್ತವೆ. ಫೋಟೊ ತೆಗೆದವರ ಒಪ್ಪಿಗೆ ಕೇಳಿ, ಮಾರಾಟಕ್ಕೆ ಇಳಿಯಬೇಡಿ. ನಮ್ಮ ಕಡೆ ಅಚ್ಚು ಹಾಕುವವರಿಗೆ ಕಾರ್ಡೆಂದರೆ ಲಗ್ನಪತ್ರಿಕೆ. 'ಲ್ಯಾಮಿನೇಷನ್ ಬೇಡ' ಎಂದರೆ ಕಾಸಿಗಾಗಿ ಹಿಂಜರಿಯುತ್ತಿದ್ದೀರೆಂದು ಮರುಗಿ, ಅಭಿಮಾನಕ್ಕೆ ಉಚಿತವಾಗಿ ಮಾಡಿಕೊಡುತ್ತಾರೆ. ಮೇಲೊಂದು ಚಿನ್ನದ ಅಂಚು. ಬೇಡವೆಂಬುದನ್ನು ಬರೆದೇ ಕೊಡುವುದು ಕ್ಷೇಮ.

ತಂಡದ ಹೆಸರಿನಲ್ಲೂ ಎಡವುವುದುಂಟು. ರಾಜ್ಯ ತಂಡಗಳು ಆಡುವ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದದ್ದು ಮೈಸೂರು ರಾಜ್ಯ, ಕೊನೆಯದು 1968–69ರಲ್ಲಿ. ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಆ ಹೆಸರಿನಲ್ಲಿ ಕಪ್ ಬಂದದ್ದು 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. 1968ರ ಆಟಗಾರರ ಕಾರ್ಡಿನಲ್ಲಿ 'ಕರ್ನಾಟಕ' ಎಂದು ಹಾಕಿಸಿದರೆ ಅವರು ಸಹಿ ಹಾಕುವ ಮೊದಲು ಪಾಠ ಮಾಡುತ್ತಾರೆ. 'ಮೈಸೂರು' ಎಂದು ಸರಿಯಾಗಿ ಹಾಕಿಸಿದರೆ ಅದನ್ನು ನೋಡಿದ ಮೈಸೂರಿನವರು ಕಪ್ಪೆಲ್ಲ ನಮ್ಮೂರಿನದೇ ಎಂದುಕೊಳ್ಳುತ್ತಾರೆ. ತಿದ್ದಲು ಹೋಗಬೇಡಿ.

ಭೇಟಿಗೆ ಸಿಗದವರಿಗೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿ ಸಹಿ ತರಿಸಿಕೊಳ್ಳುವುದಾದರೆ ತಕ್ಕಡಿ ಬೇಕು. ಇಂಥ ಕಾರ್ಡೊಂದು ಸುಮಾರು 1.7 ಗ್ರಾಂ, ಎ4 ಹಾಳೆಯ ಪತ್ರ ನಾಲ್ಕೂವರೆ ಗ್ರಾಂ, ಒಳಗೆ ವಾಪಸಾತಿ ಲಕೋಟೆ, ಹೊರಗೆ ಇನ್ನೊಂದು, ಬಾಗದಿರಲೆಂದು ರಟ್ಟಿನ ತುಂಡು. ದೇಶದೊಳಗೆ 5 ರೂಪಾಯಿಗೆ ಹೋಗುವ 20 ಗ್ರಾಂ ದಾಟಿಯೇ ದಾಟುತ್ತದೆ. ಸ್ಟಾಂಪು ಕಡಿಮೆಯಾದರೆ ಕೊರತೆಯ ಎರಡರಷ್ಟನ್ನು ವಸೂಲು ಮಾಡುವುದು ಪತ್ರ ಪಡೆದವರಿಂದ. ದೇಶಕ್ಕಾಗಿ ಆಡಿದವರು ನಿಮ್ಮ ಅಭಿಮಾನ ಬಿಡಿಸಿಕೊಳ್ಳಲು ಬಾಗಿಲಲ್ಲಿ ಚಿಲ್ಲರೆ ಹುಡುಕುವಂತಾಗಬಾರದು. ಕಾರ್ಡನ್ನು ಟೇಪಿನಿಂದ ಅಂಟಿಸಬೇಡಿ, ವಯಸ್ಸಾದವರ ಉಗುರಿಗೆ ಅದು ಬರುವುದಿಲ್ಲ. ಕಾಗದ ಮಡಚಿ ಜೇಬು ಮಾಡಿ. ಗೋಂದಿನ ವಾಪಸಾತಿ ಲಕೋಟೆಯಂತೂ ಆಷಾಢದ ಜಡಿಮಳೆಗೆ ದಾರಿಯಲ್ಲೇ ತನ್ನಷ್ಟಕ್ಕೆ ಅಂಟಿಕೊಂಡು, ಅವರ ಮನೆ ತಲುಪುವಾಗ ಬಾಯಿ ಮುಚ್ಚಿರುತ್ತದೆ. ಮಡಿಕೆಯೊಳಗೆ ಬಟರ್ ಪೇಪರ್ ಪಟ್ಟಿ ಇಡಿ. ವಿಳಾಸಕ್ಕೆ ಯಾರದೋ ಮನೆ ನಂಬರು ಕೆದಕದೆ ಕ್ಲಬ್ಬಿನ ಮೂಲಕ ಬರೆಯುವುದು ಮರ್ಯಾದೆ.

ವಿದೇಶಕ್ಕಾದರೆ ಒಳಲಕೋಟೆಗೆ ನಮ್ಮ ಸ್ಟಾಂಪು ಅಂಟಿಸಿ ಪ್ರಯೋಜನವಿಲ್ಲ, ಅಲ್ಲಿನ ಅಂಚೆಯವರಿಗೆ ಅದು ಬರೀ ಚಿತ್ರ. ಅಮೆರಿಕದಲ್ಲಿ ಒಬ್ಬ ಸೋದರಳಿಯನಾದರೂ ಇಲ್ಲದ ಮನೆ ಮೈಸೂರಿನಲ್ಲಿ ಅಪರೂಪ. ಅಮೆರಿಕದಲ್ಲಿರುವ ಆಟಗಾರರಿಗೆ ಬರೆಯುವುದಾದರೆ ಅವನಿಂದ ಅಲ್ಲಿನ 'ಗ್ಲೋಬಲ್ ಫಾರೆವರ್' ಸ್ಟಾಂಪು ತರಿಸಿ. ಒಂದು ಸ್ಟಾಂಪಿಗೆ 28 ಗ್ರಾಂ ಲಕೋಟೆ ಅಲ್ಲಿಂದ ಇಲ್ಲಿಗೆ ಬರುತ್ತದೆ. ನಿಮ್ಮ ವಿಳಾಸದಲ್ಲಿ 'ಗಣಪತಿ ದೇವಸ್ಥಾನದ ಹಿಂದೆ' ಇರಲಿ ಬಿಡಿ, ಆದರೆ ಪಿನ್‌ಕೋಡ್ ಮತ್ತು ದೇಶದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಲೇಬೇಕು. ನಿಮ್ಮ ಹೆಸರು ಬರೆಸಿಕೊಳ್ಳುವ ಆಸೆಯಿದ್ದರೆ ಅದನ್ನೂ ಹಾಗೇ ಬಿಡಿಬಿಡಿಯಾಗಿ ಬರೆಯಿರಿ. ಶ್ರೀಕಂಠಯ್ಯ ಎಂಬುದನ್ನು ಲಿವರ್‌ಪೂಲಿನವರ ಊಹೆಗೆ ಬಿಟ್ಟರೆ ಬೇರೊಬ್ಬರ ಕಾರ್ಡು ಬರುತ್ತದೆ.

ಬಂದ ಸಹಿ ಕೈಯದೋ ಯಂತ್ರದ್ದೋ ನೋಡಲು ಅದೇ ಆಟಗಾರರ ಎರಡು ಸಹಿಗಳನ್ನು ಹೋಲಿಸಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಆಟೊಪೆನ್. ಮನುಷ್ಯ ಒಂದೇ ಸಹಿಯನ್ನು ಎರಡು ಸಲ ಹಾಕಲಾರ, ಬ್ಯಾಂಕಿನ ಕೌಂಟರಿನಲ್ಲಿ ನಿಂತವರಿಗೆ ಇದು ಹೇಳಬೇಕಾಗಿಲ್ಲ. ದುಡ್ಡು ಕೊಟ್ಟು ಕೊಳ್ಳುವಾಗ ತಾರೀಖು ಲೆಕ್ಕ ಹಾಕಿ: ಶಾರ್ಪಿ ಮಾರ್ಕರ್ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಮ್ಯೂನಿಕ್ ವಿಮಾನ ದುರಂತದ ಗಾಯಗಳಿಂದ 1958ರಲ್ಲಿ ತೀರಿಕೊಂಡ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರ ಡಂಕನ್ ಎಡ್ವರ್ಡ್ಸ್ ಅದರಲ್ಲಿ ಸಹಿ ಹಾಕಿದ್ದಾರೆಂದು ಯಾರಾದರೂ ಕಾರ್ಡು ತೋರಿಸಿದರೆ, ಜೊತೆಗಿರುವ ಪ್ರಮಾಣಪತ್ರವನ್ನು ಓದುವ ಶ್ರಮವೂ ಬೇಡ.

ಇಡುವಾಗ ಮೊದಲು ತೆಳು ಪ್ಲಾಸ್ಟಿಕ್ ಕವರು, ಆಮೇಲೆ ಟಾಪ್‌ಲೋಡರ್, ಅಂದರೆ ಮೇಲಿನಿಂದ ಕಾರ್ಡು ಇಳಿಸುವ ಗಟ್ಟಿ ಪ್ಲಾಸ್ಟಿಕ್ ಒರೆ. ಅದಲು ಬದಲಾದರೆ ಅಂಚು ಸಹಿಯನ್ನು ಕೆರೆಯುತ್ತದೆ. ಪಿವಿಸಿ ಹಾಳೆಯ ಆಲ್ಬಮ್ ಬೇಡ, ವರ್ಷ ಕಳೆದಂತೆ ಅಂಟಂಟಾಗಿ ಶಾಯಿ ಎಳೆದುಕೊಳ್ಳುತ್ತದೆ. ಕಿಟಕಿಯ ಬಿಸಿಲಿಗೆ ಇಟ್ಟ ನೀಲಿ ಸಹಿ ಮಾಸುವುದು ಖಂಡಿತ. ದಸರೆಯ ಗೊಂಬೆಗಳ ಸಾಲಿನಲ್ಲಿ, ಪಟ್ಟದ ಗೊಂಬೆಯ ಪಕ್ಕ, ದೀಪದ ಹೊಗೆಗೆ ಒಂಬತ್ತು ದಿನ ಕೂರಿಸುವ ಮನೆಯವರ ಉತ್ಸಾಹಕ್ಕೂ ಏನಾದರೂ ನೆಪ ಹುಡುಕಿಟ್ಟುಕೊಳ್ಳಿ.

ಪೆಟ್ಟಿಗೆಯ ಮೇಲೆ 'ನಿವೃತ್ತರು' ಎಂಬ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಸುನಿಲ್ ಛೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದರು, ಅಭಿಮಾನಿಗಳು ಕಣ್ಣೊರೆಸಿಕೊಂಡು ಅವರ ಕಾರ್ಡನ್ನು ಆ ಪೆಟ್ಟಿಗೆಗೆ ಸರಿಸಿದರು. 2025ರ ಮಾರ್ಚ್‌ನಲ್ಲಿ ಅವರು ತಂಡಕ್ಕೆ ವಾಪಸಾಗಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು.