ಅರೆಸ್ಟ್ ಮೆಮೊದ ತಾರೀಖು ನೋಡಿದ್ದೀರಾ?

ಮನೆಯವರೊಬ್ಬರನ್ನು ಪೊಲೀಸರು ಒಯ್ದರೆಂದರೆ ಆಳಂದ ಇರಲಿ, ಔರಾದ ಇರಲಿ, ಶಹಾಪುರ ಇರಲಿ, ಎಲ್ಲರ ಓಡಾಟವೂ ಜಾಮೀನಿನ ಕಡೆಗೇ. ಅರೆಸ್ಟ್ ಮೆಮೊದಲ್ಲಿ, ಅಂದರೆ ಬಂಧಿಸಿದಾಗ ಪೊಲೀಸರು ಬರೆಯುವ ಕಾಗದದಲ್ಲಿ, ಯಾವ ತಾರೀಖು, ಎಷ್ಟು ಗಂಟೆ ಬರೆದಿದ್ದಾರೆ ಎಂದು ಯಾರೂ ನೋಡುವುದಿಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದೇ ಅದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕ ಅಲ್ಲಿಂದ ಶುರು. ನಾಳೆ ಶಿಕ್ಷೆಯಾದರೆ ಬಿಡುಗಡೆಯ ದಿನ ಎಣಿಸುವುದೂ ಅದರಿಂದಲೇ.

"ಸುಮ್ನ ವಿಚಾರಣೆಗೆ ಕರ್ದೀವಿ, ಸಂಜೀಕ ಬಿಡ್ತೀವಿ" ಎಂದು ಎರಡು ದಿನ ಸ್ಟೇಷನ್ನಿನಲ್ಲಿ ಕೂರಿಸಿ, ಮೂರನೇ ದಿನ ಅರೆಸ್ಟ್ ತೋರಿಸಿದರೆ ಆ ಎರಡು ದಿನ ಯಾವ ಕಾಗದದಲ್ಲೂ ಇರುವುದಿಲ್ಲ. ಹಾಗಾಗದಂತೆ ಒಯ್ದ ಹೊತ್ತನ್ನು ಅಂದೇ ಎಸ್‌ಪಿ ಕಚೇರಿಗೆ ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಆರೋಪಿಯೇ ಬಾಯಿ ಬಿಟ್ಟು ಹೇಳಬೇಕು: ಯಾವಾಗ ಹಿಡಿದರು, ಹೊಡೆದರೋ ಇಲ್ಲವೋ. ಮೆಮೊಗೆ ಮನೆಯವರದೋ ಊರಿನ ಗಣ್ಯರೊಬ್ಬರದೋ ಸಾಕ್ಷಿ ಸಹಿ ಬೇಕು. ಓದದೆ ಸಹಿ ಹಾಕಬೇಡಿ.

ಬಂಧನದ ಕಾರಣವನ್ನು ಬರಹದಲ್ಲಿ, ಆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಒಡನೆ ಕೊಡಲಾಗದಿದ್ದರೂ ರಿಮಾಂಡಿಗೆ, ಅಂದರೆ ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರ ಆದೇಶ ಪಡೆಯಲು, ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಲೇಬೇಕು. ಉರ್ದು, ಮರಾಠಿ, ತೆಲುಗು ಮನೆಮಾತಾಗಿರುವ ನಮ್ಮ ಗಡಿ ಜಿಲ್ಲೆಗಳಿಗೆ ಇದು ಬಹಳ ದೊಡ್ಡ ಮಾತು. ಕೇಳಿ ಪಡೆಯಿರಿ.

ನ್ಯಾಯಾಂಗ ಬಂಧನವನ್ನು ಒಂದು ಸಲಕ್ಕೆ 15 ದಿನ ಮೀರದಂತೆ ಮುಂದುವರಿಸುತ್ತಾ ಹೋಗುತ್ತಾರೆ. ರಿಮಾಂಡ್ ಆದ ದಿನವನ್ನೂ ಸೇರಿಸಿ 60 ದಿನ, ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಕೇಸಾದರೆ 90 ದಿನ ಕಳೆದರೂ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಬಿದ್ದಿರಬೇಕು. ಒಂದು ದಿನ ತಡವಾದರೂ ಹಕ್ಕು ಹೋಯಿತು. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನೆ ಕೂರಬೇಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, 15100ಕ್ಕೆ ಫೋನ್ ಮಾಡಿ.

ಜಾಮೀನು ಸಿಕ್ಕ ಮೇಲೂ ಒಳಗೇ ಉಳಿಯುವವರಿದ್ದಾರೆ. ಶ್ಯೂರಿಟಿ ಕೊಡಬೇಕಾದವರು ಮುಂಬೈಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಊರಲ್ಲಿ ಉಳಿದವರು ಪಹಣಿ ತಂದರೆ ಅದು ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಕೋರ್ಟು ಒಪ್ಪುವುದಿಲ್ಲ. ಅಂಥ ಹೊತ್ತಿನಲ್ಲಿ ಷರತ್ತು ಸಡಿಲಿಸಿ ಎಂದು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಮರುಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ.

ತೀರ್ಪಿನ ದಿನ ಜನ ಬರಿಗೈಲಿ ಬರುತ್ತಾರೆ, ನನಗೆ ತುಂಬ ಸಂಕಟವಾಗುವುದು ಇದೇ. ಜಾಮೀನಿನ ಮೇಲೆ ಹೊರಗಿದ್ದವನನ್ನು ತಪ್ಪಿತಸ್ಥ ಎಂದ ಕೂಡಲೇ ಕೋರ್ಟ್ ಹಾಲ್‌ನಲ್ಲೇ ವಶಕ್ಕೆ ತೆಗೆದುಕೊಳ್ಳಬಹುದು. ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಅಪೀಲು ಹಾಕುತ್ತೇವೆಂದು ಹೇಳಿ ಶಿಕ್ಷೆ ಅಮಾನತು ಮಾಡಿಸಿಕೊಳ್ಳಲು ಅದೇ ನ್ಯಾಯಾಧೀಶರನ್ನೇ ಕೇಳಬಹುದು. ಆ ಅರ್ಜಿ, ಶ್ಯೂರಿಟಿದಾರರು, ಅವರ ಆಧಾರ್, ಚಾಲ್ತಿ ಪಹಣಿ ಎಲ್ಲ ಬೆಳಿಗ್ಗೆಯೇ ಸಿದ್ಧವಿರಲಿ. ಇಲ್ಲದಿದ್ದರೆ ಸಂಜೆ ಜೈಲಿನ ವ್ಯಾನು ಹತ್ತಬೇಕಾಗುತ್ತದೆ. ತೀರ್ಪಿನ ಪ್ರತಿ ಉಚಿತ, ಅದನ್ನೂ ಅವತ್ತೇ ಕೇಳಿ.

ಕನ್ವಿಕ್ಷನ್ ವಾರಂಟ್, ಅಂದರೆ ಶಿಕ್ಷೆ ಜಾರಿಗೆ ಕೋರ್ಟ್ ಜೈಲಿಗೆ ಕೊಡುವ ಆದೇಶದ ಜೊತೆಗೇ ಕೈದಿ ಜೈಲಿಗೆ ಹೋಗುವುದು. ಅದರಲ್ಲಿ ಸೆಟ್-ಆಫ್ ದಿನಗಳನ್ನು, ಅಂದರೆ ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು, ತಾರೀಖು ಸಮೇತ ಬರೆದಿದ್ದಾರೆಯೇ ಎಂದು ವಕೀಲರಿಂದ ನೋಡಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 468ನೇ ಕಲಂ. ಎರಡು ಸಲ ಒಳಗೆ ಹೋಗಿ ಬಂದಿದ್ದರೆ ಒಂದು ಅವಧಿ ಬಿಟ್ಟುಹೋಗುವುದುಂಟು. ಜೈಲಿನವರು ಎಣಿಸುವುದು ವಾರಂಟಿನಲ್ಲಿ ಇದ್ದಷ್ಟೇ. ದಂಡ ಕಟ್ಟದ್ದಕ್ಕೆ ಅನುಭವಿಸುವ ಜೈಲಿಗೆ ಸೆಟ್-ಆಫ್ ಇಲ್ಲ. ಶಿಕ್ಷೆ ಮುಗಿದರೂ ಐದೋ ಹತ್ತೋ ಸಾವಿರಕ್ಕೆ ಮತ್ತೆ ತಿಂಗಳುಗಟ್ಟಲೆ ಕೂರುವುದು ಇದರಿಂದಲೇ. ದಂಡ ಕಟ್ಟಲಾಗದ ಬಡ ಕೈದಿಗಳಿಗೆ 25,000 ರೂಪಾಯಿವರೆಗೆ ಕೇಂದ್ರದ ಯೋಜನೆಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದರ ಬಗ್ಗೆ ವಿಚಾರಿಸಿ.

ಜೈಲಿನಲ್ಲಿ ವೈದ್ಯಕೀಯ ತಪಾಸಣೆ ಮಾಡುತ್ತಾರೆ, ಮೈಮೇಲಿನ ಗುರುತು, ಹಣ, ಒಡವೆ ಬರೆದುಕೊಳ್ಳುತ್ತಾರೆ. ದಿನಾ ನುಂಗುವ ಮಾತ್ರೆಯಿದ್ದರೆ ಡಾಕ್ಟರ ಚೀಟಿ ಸಮೇತ ಆಗಲೇ ಹೇಳಬೇಕು. ಬೀದರ್‌ನಲ್ಲೋ ಯಾದಗಿರಿಯಲ್ಲೋ ದೀರ್ಘ ಶಿಕ್ಷೆಯಾದವರನ್ನು ಕಲಬುರಗಿ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ನೀವು ನೋಡಲು ಹೋಗುವ ಮೊದಲು, ಕೈದಿ ಭೇಟಿಗೆ ಆನ್‌ಲೈನ್‌ನಲ್ಲಿರುವ ಇ-ಮುಲಾಖಾತ್‌ನಲ್ಲಿ ಹೆಸರು ನೋಂದಾಯಿಸಿ. ಜಹೀರಾಬಾದಿನಲ್ಲೋ ಉದಗೀರಿನಲ್ಲೋ ಇನ್ನೊಂದು ಕೇಸಿದ್ದು ಅಲ್ಲಿಂದ ಬಾಡಿ ವಾರಂಟ್ (ಕೈದಿಯನ್ನು ತಮ್ಮ ಮುಂದೆ ಹಾಜರುಪಡಿಸಿ ಎಂಬ ಆ ಕೋರ್ಟಿನ ಆದೇಶ) ಬಂದಿದ್ದರೆ, ಇಲ್ಲಿ ಜಾಮೀನಾದರೂ ಬಿಡುವುದಿಲ್ಲ. ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೈಕೋರ್ಟಿಗೆ ಅಪೀಲಿಗೆ 60 ದಿನ, ಸೆಷನ್ಸ್ ಕೋರ್ಟಿಗಾದರೆ 30. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗೂ ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ. ವಕೀಲರೇ ಸಿಗದಿದ್ದರೂ ಕೈದಿ ಒಳಗಿನಿಂದಲೇ ಅರ್ಜಿ ಬರೆದು ಜೈಲಿನ ಅಧಿಕಾರಿಯ ಕೈಗೆ ಕೊಡಬಹುದು, ಅದನ್ನು ಅಪೀಲು ಕೋರ್ಟಿಗೆ ಕಳಿಸುವುದು ಅವರ ಹೊಣೆ.